ಅನುಭವದ ಸರ್ಟಿಫಿಕೇಟು: ಕಲಿಸಿದ್ದೆಷ್ಟು, ಬರೆದದ್ದೆಷ್ಟು?

ಪರದೇಶದ ಶಾಲೆಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ನಮ್ಮ ಅಧ್ಯಾಪಕರು ತಮ್ಮ ಅನುಭವವನ್ನು ಹಿಗ್ಗಿಸಿ ಬರೆಯುವುದು ಹೊಸ ಸಂಗತಿಯೇನೂ ಅಲ್ಲ. ಎರಡು ವರ್ಷ ಕಲಿಸಿದವರು ಐದು ವರ್ಷ ಎನ್ನುತ್ತಾರೆ. ಏಳನೆಯ ತರಗತಿಯವರೆಗೆ ಗಣಿತ ಹೇಳಿಕೊಟ್ಟವರು ಹನ್ನೆರಡನೆಯ ತರಗತಿಯವರೆಗೆ ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಕಲಿಸಿದವರು ಇಂಗ್ಲಿಷ್ ಮಾಧ್ಯಮವೆಂದು ಬರೆಯುತ್ತಾರೆ. ಮೊದಲಿನ ಎರಡು ಸುಳ್ಳುಗಳು ಎಲ್ಲ ಭಾಷೆಯವರಲ್ಲಿಯೂ ಉಂಟು. ಮೂರನೆಯದು ನಮ್ಮಂಥ ಭಾಷಾ ಅಲ್ಪಸಂಖ್ಯಾತರನ್ನು ವಿಶೇಷವಾಗಿ ಕಾಡುವಂಥದು. ಅದರ ಕುರಿತೇ ಇಲ್ಲಿ ಹೆಚ್ಚಾಗಿ ಹೇಳಬೇಕಾಗಿದೆ.

ನಾವು ಇದನ್ನು ಬರೆಯುತ್ತಿರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಉಟಗಿಯಿಂದ. ಕಾಸರಗೋಡಿನ ಓದುಗರಿಗೆ ಈ ಊರಿನ ಹೆಸರು ಅಪರಿಚಿತವಿರಬಹುದು; ಇಲ್ಲಿಯ ಪರಿಸ್ಥಿತಿ ಮಾತ್ರ ಅಪರಿಚಿತವಲ್ಲ. 1956ರ ನವೆಂಬರ್ 1ರಂದು ನೀವು ಕೇರಳದ ಪಾಲಾದಿರಿ, ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ನಿಮ್ಮ ನೆಲವನ್ನೂ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿತು, ಎರಡೂ ಆಗಲಿಲ್ಲ. ನಿಮ್ಮ ಮಕ್ಕಳು ಕೇರಳದ ಪಾಠಗಳನ್ನು ಕನ್ನಡದಲ್ಲಿ ಓದುತ್ತಾರೆ. ನಮ್ಮ ಮಕ್ಕಳು ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಮಹಾರಾಷ್ಟ್ರದ ಪಾಠಗಳನ್ನು ಕನ್ನಡದಲ್ಲಿ ಓದುತ್ತಾರೆ. ನಿಮ್ಮಲ್ಲಿ ಮಾಷ್ಟ್ರು, ನಮ್ಮಲ್ಲಿ ಮಾಸ್ತರ್ರು. ವ್ಯತ್ಯಾಸವೆಂದರೆ ನಿಮ್ಮವರು ದುಡಿಮೆಗಾಗಿ ಕಡಲು ದಾಟಿದರು. ನಮ್ಮ ಬರಗಾಲದ ತಾಲೂಕಿನವರು ದೀಪಾವಳಿಯ ಆಸುಪಾಸಿಗೆ ಗಂಟುಮೂಟೆ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತಾರೆ. ಆದರೆ ಈಚೆಗೆ ಜತ್ತದ ಡಿ.ಎಡ್., ಬಿ.ಎಡ್. ಮುಗಿಸಿದ ಹುಡುಗ ಹುಡುಗಿಯರಿಗೂ ಕೊಲ್ಲಿ ರಾಷ್ಟ್ರಗಳ ಶಾಲೆಗಳ ಜಾಹೀರಾತು ಮೊಬೈಲಿನಲ್ಲಿಯೇ ಬಂದು ಬೀಳುತ್ತದೆ. ನೀವು ಐವತ್ತು ವರ್ಷಗಳಿಂದ ಕಂಡು ಉಂಡದ್ದನ್ನು ನಾವು ಈಗ ಕಲಿಯತೊಡಗಿದ್ದೇವೆ. ಹಾಗಾಗಿ ಈ ಮಾತುಕತೆ ನಿಮ್ಮ ಪತ್ರಿಕೆಯಲ್ಲಿಯೇ ನಡೆಯಲಿ ಎಂದು ನಮ್ಮ ಬಯಕೆ.

ಹೊರದೇಶದ ಮಾತಿಗೆ ಮುನ್ನ ನಿಮ್ಮ ಜಿಲ್ಲೆಯಲ್ಲಿಯೇ ನಡೆದದ್ದನ್ನು ನೆನೆಯಬಹುದು. 2023ರ ಜೂನ್ ತಿಂಗಳಲ್ಲಿ ಅಟ್ಟಪ್ಪಾಡಿಯ ಸರಕಾರಿ ಕಾಲೇಜಿನ ಅತಿಥಿ ಉಪನ್ಯಾಸಕಿಯ ಸಂದರ್ಶನಕ್ಕೆ ಬಂದ ಅಭ್ಯರ್ಥಿಯೊಬ್ಬರು ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ಕಲಿಸಿದ ಅನುಭವದ ಸರ್ಟಿಫಿಕೇಟನ್ನು ಹಾಜರುಪಡಿಸಿದರು. ಮುದ್ರೆಯನ್ನು ನೋಡಿ ಸಂದರ್ಶಕರಿಗೆ ಸಂಶಯ ಬಂತು. ಮಹಾರಾಜಾಸ್ ಕಾಲೇಜನ್ನೇ ಕೇಳಿದರು. ಆ ವಿಭಾಗಕ್ಕೆ ಹತ್ತು ವರ್ಷಗಳಿಂದ ಅತಿಥಿ ಉಪನ್ಯಾಸಕರನ್ನೇ ನೇಮಿಸಿಲ್ಲ ಎಂಬ ಉತ್ತರ ಬಂತು. ಪೊಲೀಸರು ಮೊಕದ್ದಮೆ ಹೂಡಿ ಬಂಧಿಸಿದರು. ಕೇರಳದಾದ್ಯಂತ ರಾಜಕೀಯ ಗದ್ದಲವಾಯಿತು. ಆ ಗದ್ದಲದಲ್ಲಿ ಮರೆತುಹೋದ ಒಂದು ಸಂಗತಿಯೆಂದರೆ, ಅದೇ ಅನುಭವವನ್ನು ತೋರಿಸಿ ಕಾಸರಗೋಡು ಜಿಲ್ಲೆಯ ಕರಿಂದಳಂ ಸರಕಾರಿ ಕಾಲೇಜಿನಲ್ಲಿ ಅದಕ್ಕೂ ಹಿಂದಿನ ವರ್ಷ ಕೆಲಸ ಪಡೆಯಲಾಗಿತ್ತು ಎಂಬ ಆರೋಪ. ಅಂದರೆ ಒಂದು ಶೈಕ್ಷಣಿಕ ವರ್ಷದ ಉದ್ದಕ್ಕೂ ಯಾರೂ ಎರ್ನಾಕುಳಂಗೆ ಒಂದು ಫೋನು ಮಾಡಿರಲಿಲ್ಲ. ಮೊಕದ್ದಮೆಯ ನ್ಯಾಯಾನ್ಯಾಯ ನ್ಯಾಯಾಲಯಕ್ಕೆ ಬಿಟ್ಟದ್ದು. ನಮಗೆ ಬೇಕಾದದ್ದು ಆ ಮಾಡದೆ ಉಳಿದ ಫೋನು.

ನಮ್ಮ ಮಹಾರಾಷ್ಟ್ರವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2019-20ರ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ ನಪಾಸಾದವರನ್ನು ದುಡ್ಡು ತೆಗೆದುಕೊಂಡು ಪಾಸು ಮಾಡಿಸಿದ ಹಗರಣ 2021ರ ಡಿಸೆಂಬರಿನಲ್ಲಿ ಪುಣೆಯ ಪೊಲೀಸರ ಕೈಗೆ ಸಿಕ್ಕಿತು. ಪರೀಕ್ಷೆ ನಡೆಸಬೇಕಾದ ಪರಿಷತ್ತಿನ ಆಯುಕ್ತರೇ ಬಂಧಿತರಾದರು. 2022ರಲ್ಲಿ 7,800ಕ್ಕೂ ಮಿಕ್ಕಿದ ಅಭ್ಯರ್ಥಿಗಳ ಪ್ರಮಾಣಪತ್ರಗಳು ರದ್ದಾದವು. ಇಷ್ಟೊಂದು ಜನ ಒಂದೇ ಪರೀಕ್ಷೆಯಲ್ಲಿ ಸುಳ್ಳಿನ ದಾರಿ ಹಿಡಿದರೆಂದ ಮೇಲೆ, ಯಾರೂ ವಿಚಾರಿಸದ ಅನುಭವದ ಕಾಲಂನಲ್ಲಿ ಏನೇನು ತುಂಬಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಆದರೆ ಎಲ್ಲ ಸುಳ್ಳುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ದಿನವೇತನದ ಅಧ್ಯಾಪಕಿ ಜೂನಿನಲ್ಲಿ ಸೇರಿ ಮಾರ್ಚಿನಲ್ಲಿ ಬಿಡುತ್ತಾಳೆ. ಶಾಲೆಯ ಲೆಕ್ಕದಲ್ಲಿ ಅದು ಒಂದು ವರ್ಷ. ಪಂಚಾಂಗದ ಲೆಕ್ಕದಲ್ಲಿ ಹತ್ತು ತಿಂಗಳು. ಒಂದು ವರ್ಷ ಎಂದು ಬರೆದರೆ ಅದನ್ನು ಮೋಸವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಸೇರಿದ ತಾರೀಕು, ಬಿಟ್ಟ ತಾರೀಕು ಬರೆದುಬಿಟ್ಟರೆ ಅಲ್ಲಿಗೆ ತಕರಾರೇ ಮುಗಿಯಿತು. ಹಾಗೆಯೇ ಶಾಲೆಯ ವಾರ್ಷಿಕೋತ್ಸವ ನಡೆಸಿದ್ದನ್ನು, ವಿಜ್ಞಾನ ಮೇಳಕ್ಕೆ ಮಕ್ಕಳನ್ನು ಕರೆದೊಯ್ದದ್ದನ್ನು ಎದ್ದು ಕಾಣುವಂತೆ ಬರೆದುಕೊಳ್ಳುವುದೂ ತಪ್ಪಲ್ಲ. ಕೆಲಸ ಕೇಳುವವನು ತನ್ನ ಒಳ್ಳೆಯದನ್ನು ಹೇಳಿಕೊಳ್ಳದೆ ಮತ್ತೇನು ಹೇಳಿಯಾನು? ಕಲಿಸದ ವರ್ಷಗಳನ್ನು, ಕಾಣದ ಶಾಲೆಯನ್ನು, ಇಲ್ಲದ ಮಾಧ್ಯಮವನ್ನು ಬರೆಯುವಲ್ಲಿ ಗೆರೆ ದಾಟಿದಂತಾಗುತ್ತದೆ.

ಈ ಗೆರೆಯನ್ನು ದಾಟುವವರೆಲ್ಲ ಠಕ್ಕರೇ? ಹಾಗೆಂದುಬಿಡುವುದು ಸುಲಭ. ಒಬ್ಬ ಅಧ್ಯಾಪಕಿಯನ್ನು ಊಹಿಸಿಕೊಳ್ಳೋಣ. ಆಕೆ ಬಿ.ಎಡ್. ಮುಗಿಸಿ ಕುಂಬಳೆ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಹೆರಿಗೆ ರಜೆಯ ಮೇಲೆ ಹೋದವರ ಬದಲಿಗೆ ಆರು ತಿಂಗಳು ಕಲಿಸಿದಳು. ಮರುವರ್ಷ ಇನ್ನೊಂದು ಶಾಲೆಯಲ್ಲಿ ದಿನವೇತನದ ಮೇಲೆ ಹತ್ತು ತಿಂಗಳು. ಬಳಿಕ ಅನುದಾನವಿಲ್ಲದ ಒಂದು ಕನ್ನಡ ಶಾಲೆಯಲ್ಲಿ ಮೂರು ವರ್ಷ. ನೇಮಕಾತಿ ಆದೇಶವಿಲ್ಲ, ಸಂಬಳ ಕೈಗೆ ನಗದಾಗಿ. ಮದುವೆ, ಮಗು, ಎರಡು ವರ್ಷ ಮನೆ. ಗಂಡ ಶಾರ್ಜಾದಲ್ಲಿ. ಅಲ್ಲಿಯ ಭಾರತೀಯ ಶಾಲೆಗಳಲ್ಲಿ ಕೆಲಸ ಮಾಡುವ ಅಧ್ಯಾಪಿಕೆಯರಲ್ಲಿ ಎಷ್ಟೋ ಮಂದಿ ಹೀಗೆ ಗಂಡನ ವೀಸಾದ ಆಸರೆಯಲ್ಲಿ ಹೋದವರೇ. ಶಾಲೆಯವರು ಕೇಳುವುದು ಕನಿಷ್ಠ ಎರಡು ವರ್ಷಗಳ ಅನುಭವ. ಆಕೆ ನಿಜವಾಗಿ ಕಲಿಸಿದ್ದು ನಾಲ್ಕು ವರ್ಷಕ್ಕೂ ಮೇಲೆ. ಕಾಗದದಲ್ಲಿ ಇರುವುದು ಹದಿನಾರು ತಿಂಗಳು. ಮೂರು ವರ್ಷ ದುಡಿಸಿಕೊಂಡ ಶಾಲೆ ಮುಚ್ಚಿಹೋಗಿದೆ, ಇಲ್ಲವೇ ಮ್ಯಾನೇಜರು ಬದಲಾಗಿದ್ದಾರೆ, ಇಲ್ಲವೇ ಸರ್ಟಿಫಿಕೇಟು ಕೊಟ್ಟರೆ ನಾಳೆ ಬಾಕಿ ಸಂಬಳ ಕೇಳಿಯಾಳೆಂಬ ಭಯ. ಅಷ್ಟರಲ್ಲಿ ಪರಿಚಯದ ಇಂಗ್ಲಿಷ್ ಮಾಧ್ಯಮ ಶಾಲೆಯವರೊಬ್ಬರು ‘ನಾನು ಕೊಡುತ್ತೇನೆ ಬಿಡಿ’ ಎನ್ನುತ್ತಾರೆ. ಐದು ವರ್ಷ, ಇಂಗ್ಲಿಷ್ ಮಾಧ್ಯಮ, ಸಿ.ಬಿ.ಎಸ್.ಇ. ಪಠ್ಯಕ್ರಮ. ಕಲಿಸಿದ್ದು ನಿಜ, ಶಾಲೆ ಸುಳ್ಳು. ಆಕೆಯ ಬೆವರಿಗೆ ಕಾಗದವಿಲ್ಲ, ಕಾಗದವಿರುವಲ್ಲಿ ಬೆವರಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಇಂಥ ಪ್ರಕರಣಗಳಲ್ಲಿ ಮೊದಲ ತಪ್ಪು ಅರ್ಜಿದಾರಳದ್ದಲ್ಲ. ಮೂರು ವರ್ಷ ದುಡಿಸಿಕೊಂಡು ಒಂದು ತುಂಡು ಕಾಗದ ಕೊಡದವರದ್ದು. ಎರಡನೆಯ ತಪ್ಪು ನೋಡದ ಪಾಠಕ್ಕೆ ಸಹಿ ಹಾಕುವ ಮುಖ್ಯಸ್ಥರದ್ದು. ಸಹಿ ಹಾಕುವುದನ್ನು ಅವರು ಉಪಕಾರವೆಂದು ತಿಳಿಯುತ್ತಾರೆ. ಸಿಕ್ಕಿಬಿದ್ದಾಗ ಆಕೆಯ ಪಕ್ಕದಲ್ಲಿ ನಿಲ್ಲಲು ಮಾತ್ರ ಅವರು ಬರುವುದಿಲ್ಲ.

ಮಹಾರಾಷ್ಟ್ರದಲ್ಲಿ ಸರಕಾರವೇ ಅನುಭವವನ್ನು ಅಗ್ಗವಾಗಿ ಕಂಡ ಕಥೆಯೂ ಇದೆ. 2000ದಿಂದ ಇಲ್ಲಿ ಶಿಕ್ಷಣ ಸೇವಕ ಎಂಬ ಪದ್ಧತಿ ಜಾರಿಗೆ ಬಂತು. ಹೊಸದಾಗಿ ಸೇರಿದವರು ಮೊದಲ ಮೂರು ವರ್ಷ ಶಿಕ್ಷಕರಲ್ಲ, ಸೇವಕರು, ಸಂಬಳವಿಲ್ಲ, ಮಾನಧನ. ಪ್ರಾಥಮಿಕ ಶಾಲೆಯಲ್ಲಿ ಈ ಮಾನಧನ ಎಷ್ಟೋ ವರ್ಷಗಳ ಕಾಲ ತಿಂಗಳಿಗೆ 6,000 ರೂಪಾಯಿಯಲ್ಲೇ ನಿಂತಿತ್ತು. 2023ರಲ್ಲಿ ಅದು 16,000ಕ್ಕೆ, ಹೈಸ್ಕೂಲಿನಲ್ಲಿ 18,000ಕ್ಕೆ ಏರಿತು. ಕಬ್ಬಿನ ಗ್ಯಾಂಗಿನ ದಂಪತಿ ಒಂದು ಹಂಗಾಮಿನಲ್ಲಿ ಎಣಿಸುವ ಮುಂಗಡವನ್ನು ಕಂಡು ಆ ಆರು ಸಾವಿರದ ಮಾಸ್ತರ ತನ್ನನ್ನು ತಾನೇ ನಗಾಡಿಕೊಂಡದ್ದುಂಟು. ಕಲಿಸಿದ ಕೆಲಸಕ್ಕೆ ಊರಿನಲ್ಲಿ ಬೆಲೆ ಸಿಗದವನು ಪರದೇಶದಲ್ಲಾದರೂ ಸಿಗಲಿ ಎಂದು ಹೊರಟರೆ ಅವನನ್ನು ಲೋಭಿಯೆನ್ನಬಾರದು.

ಈಗ ಮಾಧ್ಯಮದ ಪ್ರಶ್ನೆ. ‘ಕನ್ನಡ ಮಾಧ್ಯಮ ಎಂದು ಬರೆದರೆ ಅರ್ಜಿಯನ್ನು ಓದದೆ ಬಿಸಾಡುತ್ತಾರೆ’ ಎಂಬ ಮಾತು ನಿಮ್ಮಲ್ಲಿಯೂ ನಮ್ಮಲ್ಲಿಯೂ ಕೇಳಿಬರುತ್ತದೆ. ಜಾಹೀರಾತುಗಳಲ್ಲಿ ಇಂಗ್ಲಿಷ್ ಮಾಧ್ಯಮದ, ಸಿ.ಬಿ.ಎಸ್.ಇ. ಶಾಲೆಯ ಅನುಭವವೇ ಬೇಕೆಂದು ಮೇಲಿಂದ ಮೇಲೆ ಕಾಣುವುದರಿಂದ ಈ ಹೆದರಿಕೆ ಪೂರ್ತಿ ಆಧಾರವಿಲ್ಲದ್ದಲ್ಲ. ಹಾಗೆಂದು ಮಾಧ್ಯಮವನ್ನು ಅಳಿಸಿದಾಗ ಅಳಿಸಿಹೋಗುವುದು ಏನು ಎಂಬುದನ್ನೂ ಯೋಚಿಸಬೇಕಲ್ಲವೇ.

ಉಟಗಿಯಂಥ ಊರಿನಲ್ಲಿ ಕನ್ನಡ ಶಾಲೆಯ ಮಾಸ್ತರನ ಒಂದು ದಿನವನ್ನು ನೋಡಿ. ಪಾಠ ಕನ್ನಡದಲ್ಲಿ. ಶಿಕ್ಷಣ ಖಾತೆಯ ಪತ್ರ ಮರಾಠಿಯಲ್ಲಿ. ಆನ್‌ಲೈನ್ ನಮೂನೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ. ಮನೆಯಲ್ಲಿ ಮರಾಠಿಯ ಗಾಳಿಯೇ ಇಲ್ಲದ ಮಗುವಿಗೆ ರಾಜ್ಯದ ಭಾಷೆಯೆಂದು ಮರಾಠಿಯನ್ನೂ ಕಲಿಸಬೇಕು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳನ್ನು ಕೂಡಿಸಿ ಕಲಿಸಬೇಕು. ಒಬ್ಬರಿಗೆ ಲೆಕ್ಕ ಕೊಟ್ಟು ಇನ್ನೊಬ್ಬರಿಗೆ ಓದಿಸಿ ಮತ್ತೊಬ್ಬರ ಪಾಟಿ ತಿದ್ದಬೇಕು. ಕಬ್ಬಿನ ಹಂಗಾಮು ಬಂತೆಂದರೆ ಅರ್ಧ ತರಗತಿ ಅಪ್ಪ ಅವ್ವನ ಜೊತೆ ಗಾಡಿ ಹತ್ತುತ್ತದೆ. ಅಜ್ಜಿಯ ಹತ್ತಿರ ಬಿಟ್ಟು ಹೋಗಿರೆಂದು ಮನೆಮನೆಗೆ ಹೋಗಿ ಹೇಳಬೇಕು. ಮಾರ್ಚಿನಲ್ಲಿ ಮರಳಿದ ಮಕ್ಕಳಿಗೆ ಬಿಟ್ಟುಹೋದ ಐದು ತಿಂಗಳ ಪಾಠವನ್ನು ಪರೀಕ್ಷೆಗೆ ಮೊದಲು ತುಂಬಿಕೊಡಬೇಕು. ಕಾಸರಗೋಡಿನ ಅಧ್ಯಾಪಕರಿಗೆ ಇದೇ ಪಾಡು ಬೇರೆ ರೂಪದಲ್ಲಿದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಹವ್ಯಕವೋ ಆಡುವ ಮಗುವಿಗೆ ಕನ್ನಡದಲ್ಲಿ ಪಾಠ, ಬೀದಿಯಲ್ಲಿ ಮಲಯಾಳ, ಕಚೇರಿಯಲ್ಲಿ ಮಲಯಾಳ.

ಹಲವು ದೇಶಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಪರದೇಶದ ಶಾಲೆಗೆ ಬೇಕಾಗುವ ಅನುಭವ ಇದಲ್ಲದೆ ಮತ್ತಾವುದು? ಮನೆಭಾಷೆ ಬೇರೆ, ಶಾಲೆಯ ಭಾಷೆ ಬೇರೆ ಆಗಿರುವ ಮಗುವಿನ ಮುಂದೆ ನಿಂತು ಪಳಗಿದ ಅಧ್ಯಾಪಕ ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ‘ಇಂಗ್ಲಿಷ್ ಮಾಧ್ಯಮ, ಐದು ವರ್ಷ’ ಎಂದು ಬರೆದ ಗಳಿಗೆಯಲ್ಲಿ ಇದೆಲ್ಲವೂ ಅರ್ಜಿಯಿಂದ ಮಾಯವಾಗುತ್ತದೆ. ಸಂದರ್ಶನದಲ್ಲಿ ‘ನಿಮ್ಮ ತರಗತಿಯ ಒಂದು ಕಷ್ಟದ ಸಂದರ್ಭವನ್ನು ಹೇಳಿ’ ಎಂದರೆ ಹೇಳುವುದಕ್ಕೆ ನಿಜವಾದ ಒಂದು ತರಗತಿಯೇ ಇಲ್ಲ. ಇದ್ದ ತರಗತಿಯನ್ನು ಹೇಳುವಂತಿಲ್ಲ, ಹೇಳಿದ ತರಗತಿಯನ್ನು ಕಂಡಿಲ್ಲ.

ಇಂಗ್ಲಿಷಿನಲ್ಲಿ ಕಲಿಸಬಲ್ಲೆವೇ ಎಂಬ ಪ್ರಶ್ನೆ ಬೇರೆ, ಎಲ್ಲಿ ಕಲಿಸಿದೆವು ಎಂಬ ಪ್ರಶ್ನೆ ಬೇರೆ. ಇವೆರಡನ್ನೂ ಒಂದೇ ಮಾಡಿಕೊಂಡದ್ದೇ ನಮ್ಮವರ ಗೊಂದಲ. 2023ರ ಫೆಬ್ರವರಿ 1ರಿಂದ ಇಂಗ್ಲೆಂಡು ಭಾರತವೂ ಸೇರಿದಂತೆ ಒಂಬತ್ತು ದೇಶ-ಪ್ರದೇಶಗಳ ಗಣಿತ, ವಿಜ್ಞಾನ ಮತ್ತು ಭಾಷಾ ಅಧ್ಯಾಪಕರಿಗೆ ತನ್ನ ಅಧ್ಯಾಪಕ ಮಾನ್ಯತೆಗೆ ನೇರವಾಗಿ ಅರ್ಜಿ ಹಾಕುವ ಬಾಗಿಲು ತೆರೆಯಿತು. ಅಲ್ಲಿ ತರಬೇತಿಯ ಅರ್ಹತೆಯನ್ನು, ಕಲಿಸಿದ ಅನುಭವವನ್ನು ಕೇಳಿದ್ದು ಒಂದು ಕಡೆ. ಇಂಗ್ಲಿಷ್ ಭಾಷೆಯ ಸಾಮರ್ಥ್ಯವನ್ನು ಕೇಳಿದ್ದು ಇನ್ನೊಂದು ಕಡೆ. ಇಂಗ್ಲಿಷ್ ಬರುತ್ತದೆಯೆಂದು ತೋರಿಸಲು ಪರೀಕ್ಷೆಗಳಿವೆ. ಅದಕ್ಕಾಗಿ ಕನ್ನಡ ಶಾಲೆಯನ್ನು ಇಂಗ್ಲಿಷ್ ಶಾಲೆ ಮಾಡಬೇಕಾಗಿಲ್ಲ.

ಇನ್ನು ನಮ್ಮ ಟಿ.ಸಿ.ಎಚ್. ಎಂಬ ಮೂರಕ್ಷರದ ಕುರಿತು ಒಂದು ಮಾತು. ಇದನ್ನು ಬರೆಯುವ ನಾವೂ ಟಿ.ಸಿ.ಎಚ್. ಆದವರೇ. ಪಿಯುಸಿಯ ಮೇಲೆ ಎರಡು ವರ್ಷ. ಕರ್ನಾಟಕದಲ್ಲಿ ಮುಂದೆ ಅದು ಡಿ.ಎಡ್. ಎಂಬ ಹೆಸರು ಪಡೆಯಿತು. ಕಡಲಾಚೆ ಯಾರಿಗೂ ಈ ಮೂರಕ್ಷರ ಗೊತ್ತಿಲ್ಲ. ಹಾಗಾಗಿ ‘ಬಿ.ಎಡ್.ಗೆ ಸಮಾನ’ ಎಂದು ಸೇರಿಸುವ ಚಾಳಿ ಹುಟ್ಟಿಕೊಂಡಿದೆ. ಸಮಾನವಲ್ಲ. ಅದು ಡಿಪ್ಲೊಮಾ ಮಟ್ಟದ ತರಬೇತಿ. ಪದವಿ ಬೇಕೆನ್ನುವ ಶಾಲೆಗೆ ಅದು ಸಾಲದು. ಪಾಟಿ ಬಳಪ ಹಿಡಿದು ಮಗುವಿಗೆ ಅಕ್ಷರ ತಿದ್ದಿಸುವುದನ್ನು ಟಿ.ಸಿ.ಎಚ್. ಕಲಿಸಿದಷ್ಟು ಚೆನ್ನಾಗಿ ಬಿ.ಎಡ್. ಕಲಿಸುವುದಿಲ್ಲವೆಂದು ನಾವು ಇವತ್ತಿಗೂ ವಾದಿಸಲು ಸಿದ್ಧರಿದ್ದೇವೆ. ಆದರೆ ಅದು ವಾದ, ಸರ್ಟಿಫಿಕೇಟಲ್ಲ.

‘ಇಷ್ಟೆಲ್ಲ ಮುದ್ರೆ ಒತ್ತಿ ಕಳಿಸುತ್ತಾರಲ್ಲ, ಸುಳ್ಳಾದರೆ ಅಲ್ಲೇ ಹಿಡಿಯುತ್ತಿರಲಿಲ್ಲವೇ’ ಎಂದು ಮನೆಯ ಹಿರಿಯರು ಕೇಳುವುದುಂಟು. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆಯಿದೆ. ಒಂದು ಸರ್ಟಿಫಿಕೇಟು ನೋಟರಿ, ರಾಜ್ಯ ಸರಕಾರ, ದೆಹಲಿಯ ವಿದೇಶಾಂಗ ಮಂತ್ರಾಲಯ, ಆ ಮೇಲೆ ಹೋಗುವ ದೇಶದ ರಾಯಭಾರ ಕಚೇರಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೇರಳದಲ್ಲಿ ನೋರ್ಕಾ ರೂಟ್ಸ್ ಈ ಕೆಲಸಕ್ಕೆ ನೆರವಾಗುತ್ತದೆ. 2005ರಿಂದ ಭಾರತ ಹೇಗ್ ಒಪ್ಪಂದಕ್ಕೆ ಸೇರಿರುವುದರಿಂದ ಆ ಒಪ್ಪಂದದ ದೇಶಗಳಿಗೆ ಅಪೊಸ್ಟೀಲ್ ಎಂಬ ಒಂದೇ ಮುದ್ರೆ ಸಾಕು. ಒಮಾನ್, ಬಹರೈನ್‌ಗಳು ಆ ಗುಂಪಿನಲ್ಲಿವೆ, 2022ರಲ್ಲಿ ಸೌದಿಯೂ ಸೇರಿತು. ಆದರೆ ಪ್ರತಿ ಮೆಟ್ಟಿಲಿನಲ್ಲಿಯೂ ನೋಡುವುದು ಕೆಳಗಿನ ಮೆಟ್ಟಿಲಿನ ಸಹಿಯನ್ನು, ಮುದ್ರೆಯನ್ನು. ಒಳಗೆ ಬರೆದದ್ದು ನಿಜವೇ ಎಂಬುದಕ್ಕೆ ತಾನು ಹೊಣೆಯಲ್ಲವೆಂದು ವಿದೇಶಾಂಗ ಮಂತ್ರಾಲಯವೇ ಹೇಳುತ್ತದೆ. ಕೆಳಗೆ ಒಬ್ಬ ಮುಖ್ಯೋಪಾಧ್ಯಾಯ ಸುಳ್ಳಿಗೆ ಸಹಿ ಹಾಕಿದರೆ ಮೇಲಿನ ಮೂರು ಸಿಂಹದ ಮುದ್ರೆಯ ತನಕ ಆ ಸುಳ್ಳು ಗೌರವದಿಂದ ಏರಿಹೋಗುತ್ತದೆ.

ಪರದೇಶದವರಿಗೆ ಇದು ಗೊತ್ತಾಗದೆ ಉಳಿಯಲಿಲ್ಲ. ಅದಕ್ಕೇ ಈಗ ಮುದ್ರೆಗಿಂತ ಮೂಲವನ್ನೇ ವಿಚಾರಿಸುವ ಪದ್ಧತಿ ಬಲಗೊಳ್ಳುತ್ತಿದೆ. ಶಾಲೆಗೆ ನೇರವಾಗಿ ಬರೆದು ಕೇಳುತ್ತಾರೆ. ನೇಮಕಾತಿ ಆದೇಶ, ಬ್ಯಾಂಕಿಗೆ ಸಂಬಳ ಬಿದ್ದ ದಾಖಲೆ ಕೇಳುತ್ತಾರೆ. ನಿಜ ಹೇಳುವವರಿಗೆ ಇದು ಒಳ್ಳೆಯದೇ ಅಲ್ಲವೇ ಎನ್ನಬಹುದು. ಇಲ್ಲಿಯೇ ನಮ್ಮವರ ಪಾಲಿಗೆ ಕತ್ತರಿ ಬೀಳುವುದು. ಮಕ್ಕಳಿಲ್ಲವೆಂದು ಬಾಗಿಲು ಮುಚ್ಚಿದ ಕನ್ನಡ ಶಾಲೆಗೆ ಬಂದ ಪತ್ರಕ್ಕೆ ಉತ್ತರಿಸುವವರು ಯಾರು? ನಗದಾಗಿ ಪಡೆದ ಸಂಬಳ ಯಾವ ಬ್ಯಾಂಕಿನ ಪುಸ್ತಕದಲ್ಲಿದೆ? ನೂರು ಸುಳ್ಳು ಸರ್ಟಿಫಿಕೇಟುಗಳಿಂದ ಹುಟ್ಟಿದ ಸಂಶಯದ ಭಾರ ಕೊನೆಗೆ ಹೊರುವವಳು ಗಡಿಯ ಸಣ್ಣ ಶಾಲೆಯಲ್ಲಿ ನಿಜವಾಗಿ ಕಲಿಸಿದ ಅಧ್ಯಾಪಕಿ. ಪೇಟೆಯ ದೊಡ್ಡ ಶಾಲೆಗೆ ಕಂಪ್ಯೂಟರು, ಗುಮಾಸ್ತ, ಉತ್ತರ ಕೊಡುವ ಕಚೇರಿ ಎಲ್ಲ ಉಂಟು. ಅಲ್ಲಿಯವರು ಪಾರಾಗುತ್ತಾರೆ.

ಸಿಕ್ಕಿಬಿದ್ದರೆ ಏನಾಗುತ್ತದೆಂಬುದನ್ನೂ ಮರೆಯಬಾರದು. ಇಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 340ನೆಯ ಕಲಮಿನಂತೆ, ಖೋಟಾ ದಾಖಲೆಯೆಂದು ಗೊತ್ತಿದ್ದೂ ಅದನ್ನು ನಿಜವೆಂದು ಬಳಸಿದವರಿಗೆ ತಯಾರಿಸಿದವರಿಗೆ ಇರುವ ಶಿಕ್ಷೆಯೇ. ಕೊಲ್ಲಿಯ ದೇಶಗಳಲ್ಲಿ ಖೋಟಾ ದಾಖಲೆಯೆಂದರೆ ಸೆರೆಮನೆ, ಬಳಿಕ ಗಡೀಪಾರು. ಬಂಗಾರ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ತೆಗೆದು ಕಳಿಸಿದ ಮನೆಯವರಿಗೆ ಆ ದಿನ ಸಮಾಧಾನ ಹೇಳಲು ಸರ್ಟಿಫಿಕೇಟು ಕೊಟ್ಟವರಾಗಲಿ ಕೊಡಿಸಿದ ಏಜೆಂಟನಾಗಲಿ ಬರುವುದಿಲ್ಲ.

ಏಜೆಂಟನ ಮಾತು ಬಂತಲ್ಲ. 1983ರ ವಲಸೆ ಕಾಯಿದೆಯ ಪ್ರಕಾರ ಪರದೇಶದ ಕೆಲಸಕ್ಕೆ ಜನ ಕಳಿಸುವವನು ಕೇಂದ್ರ ಸರಕಾರದಲ್ಲಿ ನೋಂದಾಯಿತನಾಗಿರಬೇಕು. ಅಭ್ಯರ್ಥಿಯಿಂದ ಅವನು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯಿದೆ. ಆದರೆ ಹತ್ತನೆಯ ತರಗತಿ ಪಾಸಾದವರಿಗೆ ವಲಸೆ ಅನುಮತಿ ಬೇಕಿಲ್ಲದ್ದರಿಂದ ಅಧ್ಯಾಪಕರು ಆ ತಪಾಸಣೆಯ ಕಣ್ಣಿಗೆ ಬೀಳುವುದೇ ಇಲ್ಲ. ಮನೆಗೆಲಸದವಳಾಗಿ ಹೋಗುವ ಹೆಂಗಸಿನ ಕಾಗದವನ್ನು ಸರಕಾರ ಒಮ್ಮೆಯಾದರೂ ನೋಡುತ್ತದೆ, ಬಿ.ಎಡ್. ಆದವಳದ್ದನ್ನು ನೋಡುವುದಿಲ್ಲ. ಓದಿದವಳು ತನ್ನನ್ನು ತಾನು ನೋಡಿಕೊಳ್ಳುತ್ತಾಳೆಂಬ ನಂಬಿಕೆ. ‘ಅನುಭವ ಕಡಿಮೆಯಿದ್ದರೆ ನಾವು ಸರಿಮಾಡುತ್ತೇವೆ’ ಎನ್ನುವ ಏಜೆಂಟನ ಮಾತು ಈ ಸಂದಿನಲ್ಲಿಯೇ ಹುಟ್ಟುತ್ತದೆ. ಕೇರಳ ಸರಕಾರದ್ದೇ ಆದ ಒಡೆಪೆಕ್ ಸಂಸ್ಥೆ 1977ರಿಂದ ಪರದೇಶದ ನೇಮಕಾತಿ ನಡೆಸುತ್ತ ಬಂದಿದೆ; ಅಧ್ಯಾಪಕರನ್ನೂ ಕಳಿಸಿದೆ. ನಮ್ಮ ಉಟಗಿಯವರಿಗೆ ಅಂಥದೊಂದು ಬಾಗಿಲು ಹತ್ತಿರದಲ್ಲಿಲ್ಲ. ಕಾಸರಗೋಡಿನವರಿಗೆ ಇದ್ದೂ ಅದನ್ನು ಬಿಟ್ಟು ಏಜೆಂಟನ ಮನೆಗೆ ಹೋಗುವವರನ್ನು ಕಂಡರೆ ನಮಗೆ ಆಶ್ಚರ್ಯ.

ಕಾಗದದ ಅರ್ಹತೆಗೂ ನಿಜದ ಅರ್ಹತೆಗೂ ಇರುವ ಅಂತರದ ಪೆಟ್ಟು ಹೇಗಿರುತ್ತದೆಂದು ಕನ್ನಡದ ಹೆತ್ತವರಿಗೆ ಹೇಳಿಕೊಡಬೇಕಾಗಿಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದು ನಿಂತಾಗ ಕಾಸರಗೋಡಿನಲ್ಲಿ ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ಕುಳಿತದ್ದುಂಟು, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದುಂಟು. ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ಹಾಕಿದ್ದಕ್ಕೆ 2024ರಲ್ಲಿ ಇಲ್ಲಿಯೂ ಆಕ್ಷೇಪ ಎದ್ದಿತ್ತು. ಆಗ ನಾವೆಲ್ಲ ಕೇಳಿದ ಪ್ರಶ್ನೆ ಒಂದೇ: ಬಾರದ್ದನ್ನು ಬರುತ್ತದೆಯೆಂದು ಹೇಳಿ ಮಗುವಿನ ಮುಂದೆ ನಿಲ್ಲುವುದು ನ್ಯಾಯವೇ? ದೋಹಾದ ತರಗತಿಯಲ್ಲಿ ಕುಳಿತಿರುವ ಮಗುವಿನ ಅಪ್ಪನೂ ಅದೇ ಪ್ರಶ್ನೆಯನ್ನು ನಮ್ಮವರಿಗೆ ಕೇಳಬಹುದು. ಆತನೂ ಮನೆಮಠ ಬಿಟ್ಟು ಬಂದು, ಸಂಬಳದ ದೊಡ್ಡ ಪಾಲನ್ನು ಶಾಲೆಯ ಫೀಸಿಗೆ ಕಟ್ಟುವವನೇ. ಹನ್ನೆರಡನೆಯ ತರಗತಿಯ ಭೌತಶಾಸ್ತ್ರವನ್ನು ಎಂದೂ ಕಲಿಸದವರು ಅಲ್ಲಿ ಹೋಗಿ ಮಕ್ಕಳ ಪರೀಕ್ಷೆಯ ವರ್ಷವನ್ನು ತಮ್ಮ ಕಲಿಕೆಗೆ ಬಳಸಿಕೊಳ್ಳುವುದು ಆ ಮನೆಗೆ ಬಗೆದ ಅನ್ಯಾಯ.

ಅನುಭವಕ್ಕೆ ಬೆಲೆ ಎಷ್ಟು ಎಂಬ ಚರ್ಚೆ ಈಗ ದೇಶದೊಳಗೂ ಬಿಸಿಯಾಗಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪಿನಂತೆ, ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸಾಗಬೇಕು. ಇಪ್ಪತ್ತು ವರ್ಷ ಕಲಿಸಿದ ಟಿ.ಸಿ.ಎಚ್. ಮಾಸ್ತರನಿಗೂ ಇದರಿಂದ ವಿನಾಯಿತಿಯಿಲ್ಲ. ಆ ತೀರ್ಪು ಬಂದ ಮೊಕದ್ದಮೆಗಳಲ್ಲಿ ಒಂದು ನಮ್ಮ ಮಹಾರಾಷ್ಟ್ರದ್ದೇ. ತೀರ್ಪಿನ ಒಳಿತು ಕೆಡುಕಿನ ಚರ್ಚೆ ಇಲ್ಲಿ ಬೇಡ. ಆದರೆ ನಿಜವಾದ ಇಪ್ಪತ್ತು ವರ್ಷಗಳೇ ಸಾಲದೆಂದಾಗ, ಬರೆದುಕೊಂಡ ಐದು ವರ್ಷಗಳನ್ನು ಮುಂದಿನ ದಿನಗಳಲ್ಲಿ ಯಾರೂ ಹಾಗೆಯೇ ನಂಬಲಾರರು ಎಂಬುದಂತೂ ಸ್ಪಷ್ಟ.

ಇಷ್ಟರ ನಡುವೆ ಒಂದು ವಿಚಿತ್ರವನ್ನು ಹೇಳಲೇಬೇಕು. ದುಬೈಯಲ್ಲಿ ಕನ್ನಡಿಗರು 2014ರಿಂದ ವಾರದ ರಜೆಯಲ್ಲಿ ಕನ್ನಡ ಪಾಠಶಾಲೆ ನಡೆಸುತ್ತ ಬಂದಿದ್ದಾರೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅ ಆ ಇ ಈ ಕಲಿಸಲು ತಮ್ಮ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಬರುವವರು, ಹಣ ಪಡೆಯದೆ ಕಲಿಸುವವರು ಇದ್ದಾರೆ. ಅದೇ ನಗರಕ್ಕೆ ಅರ್ಜಿ ಹಾಕುವ ಕನ್ನಡ ಮಾಧ್ಯಮದ ಅಧ್ಯಾಪಕಿ ತಾನು ಕನ್ನಡದಲ್ಲಿ ಕಲಿಸಿದ ವರ್ಷಗಳನ್ನು ಕಳಂಕದ ಹಾಗೆ ಒರೆಸಿ ಹೊರಡುತ್ತಾಳೆ.

ಪರಿಹಾರವನ್ನು ದೆಹಲಿಯಲ್ಲಿಯೋ ತಿರುವನಂತಪುರದಲ್ಲಿಯೋ ಹುಡುಕುತ್ತ ಕೂರುವ ಅಗತ್ಯ ನಮಗೆ ಕಾಣುವುದಿಲ್ಲ. ಕನ್ನಡ ಶಾಲೆಗಳ ಆಡಳಿತ ಮಂಡಳಿಗಳು, ಮುಖ್ಯೋಪಾಧ್ಯಾಯರು, ರಕ್ಷಕ ಶಿಕ್ಷಕ ಸಂಘಗಳು ಮಾಡಬಹುದಾದ ಕೆಲಸ ಇದು. ದಿನವೇತನದವರಿರಲಿ, ಬದಲಿಗೆ ಬಂದವರಿರಲಿ, ಗೌರವಧನದವರಿರಲಿ, ಸೇರಿದ ದಿನ ಆದೇಶ, ಬಿಟ್ಟ ದಿನ ಸೇವಾ ಪ್ರಮಾಣಪತ್ರ. ಅದರಲ್ಲಿ ಕಲಿಸಿದ ತರಗತಿ, ಕಲಿಸಿದ ವಿಷಯ, ಎರಡು ತಾರೀಕು, ಮಾಧ್ಯಮ: ಕನ್ನಡ. ಬಹುವರ್ಗ ಕಲಿಸಿದ್ದರೆ ಅದನ್ನೂ ಬರೆಯಬೇಕು. ಮಕ್ಕಳ ಮನೆಭಾಷೆ ಬೇರೆಯಿದ್ದರೆ ಅದನ್ನೂ. ಹಾಜರಿ ಪುಸ್ತಕದಲ್ಲಿ ದಿನವೇತನದವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ವರ್ಷದ ಕೊನೆಗೆ ರದ್ದಿಗೆ ಹಾಕುವ ಪದ್ಧತಿ ನಿಲ್ಲಬೇಕು. ಸಂಬಳ ಎಷ್ಟೇ ಕಡಿಮೆಯಿರಲಿ, ಬ್ಯಾಂಕಿಗೆ ಬೀಳಬೇಕು. ಇದಕ್ಕೆ ದುಡ್ಡು ಖರ್ಚಿಲ್ಲ. ಒಂದು ರಿಜಿಸ್ಟರು ಸಾಕು.

ಈಗಾಗಲೇ ಮುಚ್ಚಿದ ಶಾಲೆಗಳಲ್ಲಿ ಕಲಿಸಿದವರು ಆ ಶಾಲೆಯ ದಾಖಲೆ ಎಲ್ಲಿ ಹೋಗಿದೆಯೆಂದು ಉಪಜಿಲ್ಲಾ ಶಿಕ್ಷಣ ಕಚೇರಿಯಲ್ಲಿ, ನಮ್ಮ ಕಡೆಯವರು ಜತ್ತದ ಪಂಚಾಯತಿ ಸಮಿತಿಯ ಶಿಕ್ಷಣ ವಿಭಾಗದಲ್ಲಿ ಲಿಖಿತವಾಗಿ ಕೇಳುವುದು ಒಳ್ಳೆಯದು. ಬಾಯಿಮಾತಿಗೆ ಸಿಗದ ಉತ್ತರ ಮಾಹಿತಿ ಹಕ್ಕಿನ ಅರ್ಜಿಗೆ ಸಿಗುವುದುಂಟು. 2005ರ ಆ ಕಾಯಿದೆಯಂತೆ ಸಾಮಾನ್ಯವಾಗಿ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಇನ್ನೂ ಕೆಲಸದಲ್ಲಿರುವ ದಿನವೇತನದವರು ಬೇಸಿಗೆ ರಜೆಗೆ ಬಾಗಿಲು ಹಾಕುವ ಮುಂಚೆ, ಮಾರ್ಚಿನಲ್ಲಿಯೇ, ಪ್ರಮಾಣಪತ್ರ ಕೇಳಿ ಪಡೆದುಕೊಳ್ಳಬೇಕು. ಜೂನ್ ಬರುವಷ್ಟರಲ್ಲಿ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗಿರುತ್ತಾರೆ, ಹೊಸದಾಗಿ ಬಂದವರು ‘ನಾನು ನಿಮ್ಮನ್ನು ಕಂಡಿಲ್ಲವಲ್ಲ’ ಎನ್ನುತ್ತಾರೆ.